ದವಾಖಾನೆಯ ಪಾಳಿಯೂ ಮೊಬೈಲಿನ ಚೀಟಿಯೂ

ಹಿಂದಿನ ಪಾಠದಲ್ಲಿ ಪ್ರಾವಿಡೆಂಟ್ ಫಂಡಿನ ಲೆಕ್ಕವನ್ನು ನೋಡಿದೆವಷ್ಟೆ. ಈ ಸಲದ ಪಾಠವು ಸರಕಾರಿ ದವಾಖಾನೆಯ ಪಾಳಿಯನ್ನು ಕುರಿತದ್ದು. ಇದೂ ಒಂದು ಲೆಕ್ಕದ ಪಾಠವೇ. ನಾವು ವೈದ್ಯರಲ್ಲ; ಗಿರಣಿಯ ಕಚೇರಿಯಲ್ಲಿ ಹಾಜರಿ ಪುಸ್ತಕ ಬರೆಯುವ ಗುಮಾಸ್ತರು. ರೋಗದ ವಿಷಯವಾಗಿ ಬರೆಯುವ ಅಧಿಕಾರ ನಮಗಿಲ್ಲ. ಆದರೆ ಸಾಲು, ಸರದಿ, ಹೆಸರು, ನಂಬರು, ಇವು ನಮ್ಮ ನಿತ್ಯದ ಕೆಲಸವಾದುದರಿಂದ ಆ ಮಟ್ಟಿಗೆ ನಾಲ್ಕು ಮಾತು ಹೇಳಬಹುದೆಂದು ಧೈರ್ಯ ಮಾಡಿದ್ದೇವೆ.

ಈ ಪಾಠಕ್ಕೆ ಕಾರಣರಾದವರು ನಮ್ಮ ವಾಚನಾಲಯಕ್ಕೆ ಬರುವ ಒಬ್ಬ ಬಂಧುಗಳು. ಮುದ್ದೇಬಿಹಾಳ ತಾಲೂಕಿನ ಕಡೆಯವರು. ಮಾಜಿವಾಡೆಯಲ್ಲಿ ಬಿಡಾರ, ಗೋದಾಮಿನಲ್ಲಿ ಹಮಾಲಿ ಕೆಲಸ. ಸಂಜೆ ಪತ್ರಿಕೆ ಓದಲು ಕುಳಿತಾಗ ಕೆಮ್ಮು ತಡೆಯಲಾರದೆ ಹೊರಗೆ ಎದ್ದು ಹೋಗುತ್ತಿದ್ದರು. ಮೂರು ವಾರ ಕಳೆದರೂ ಕೆಮ್ಮು ನಿಲ್ಲದಿದ್ದುದನ್ನು ಕಂಡು, “ದವಾಖಾನೆಗೆ ತೋರಿಸಿದಿರಾ?” ಎಂದು ಕೇಳಿದೆವು. ಅವರು ಕೊಟ್ಟ ಉತ್ತರವನ್ನು ಅವರ ಮಾತಿನಲ್ಲಿಯೇ ಬರೆಯುತ್ತೇವೆ: “ಎರಡ ಸಲ ಹೋಗಿದ್ನಿರಿ ಅಣ್ಣಾರ. ಅಲ್ಲಿ ಪಾಳಿ ಹಚ್ಚಿದರ ಇಲ್ಲಿ ಪಾಳಿ ತಪ್ಪತೈತ್ರಿ.”

ನಮ್ಮ ಉತ್ತರ ಕರ್ನಾಟಕದವರಿಗೆ ಸರದಿಯೂ ಪಾಳಿ, ಕೆಲಸದ ಹೊತ್ತೂ ಪಾಳಿ. ಒಂದು ಪಾಳಿ ಹಿಡಿದರೆ ಇನ್ನೊಂದು ತಪ್ಪುತ್ತದೆ. ದಿನಗೂಲಿಯವನಿಗೆ ಸರಕಾರಿ ದವಾಖಾನೆಯ ಔಷಧಿ ಧರ್ಮಾರ್ಥವಾಗಿ ದೊರೆತರೂ ಅಲ್ಲಿ ನಿಂತ ಹೊತ್ತು ಧರ್ಮಾರ್ಥವಲ್ಲ. ಅದರ ಬೆಲೆ ಒಂದು ದಿನದ ಸಂಬಳ. ಅವರು ಮೊದಲನೆಯ ಸಲ ಹೋದಾಗ ಕೇಸ್ ಪೇಪರಿನ ಕಿಟಕಿ ತಲುಪುವುದರೊಳಗೆ ಕಿಟಕಿ ಮುಚ್ಚಿತು. ಎರಡನೆಯ ಸಲ ಕೇಸ್ ಪೇಪರು ಸಿಕ್ಕಿತು, ಆದರೆ ವೈದ್ಯರ ಕೋಣೆಯ ಮುಂದಿನ ಸಾಲು ಕರಗಲಿಲ್ಲ. ಮಧ್ಯಾಹ್ನದ ಕೆಲಸಕ್ಕೆ ಹೊತ್ತಾಯಿತೆಂದು ಎದ್ದು ಬಂದರು. ಮನೆಯಲ್ಲಿ ಎರಡು ವರ್ಷದ ಮಗುವಿತ್ತು. ಇಷ್ಟು ನೆನಪಿನಲ್ಲಿಟ್ಟುಕೊಂಡು ಪಾಠಕ್ಕೆ ಬರೋಣ.

1. ಸಾಲು ಒಂದಲ್ಲ, ಎರಡು

ದವಾಖಾನೆಯಲ್ಲಿ ನಾವು “ಸಾಲು” ಎಂದು ಒಂದೇ ಹೆಸರಿನಿಂದ ಕರೆಯುವುದು ನಿಜವಾಗಿ ಎರಡು ಸಾಲುಗಳು. ಮೊದಲನೆಯದು ಹೆಸರು ಬರೆಸುವ ಸಾಲು. ಹೆಸರು, ವಯಸ್ಸು, ಊರು, ಯಾವ ವಿಭಾಗ ಎಂಬುದನ್ನು ಕೇಳಿ ಗುಮಾಸ್ತರು ಕೇಸ್ ಪೇಪರು ಕೊಡುತ್ತಾರೆ. ಎರಡನೆಯದು ವೈದ್ಯರನ್ನು ಕಾಣುವ ಸಾಲು. ರಕ್ತ ಪರೀಕ್ಷೆ, ಎಕ್ಸ್‌ರೇ, ಔಷಧಿ ಎಂದು ಮುಂದೆ ಇನ್ನೂ ಸಾಲುಗಳಿವೆ. ಸದ್ಯಕ್ಕೆ ಎರಡನ್ನೇ ಹಿಡಿಯೋಣ.

ಗಣಕಯಂತ್ರದ ನೋಂದಣಿ, ಮೊಬೈಲಿನ ಚೀಟಿ, ಮನೆಯಿಂದಲೇ ಹೆಸರು ಬರೆಸುವ ಸೌಕರ್ಯ, ಇವೆಲ್ಲ ಮುಖ್ಯವಾಗಿ ಮೊದಲನೆಯ ಸಾಲನ್ನು ಮೊಟಕುಮಾಡುವ ಉಪಾಯಗಳು. ಎರಡನೆಯದನ್ನು ಮೊಟಕುಮಾಡಬೇಕಾದರೆ ವೈದ್ಯರ ಸಂಖ್ಯೆ, ವೈದ್ಯರ ವೇಳೆ, ಮತ್ತು ರೋಗಿಗಳು ಬರುವ ಕ್ರಮ, ಈ ಮೂರರಲ್ಲಿ ಒಂದಾದರೂ ಬದಲಾಗಬೇಕು. ಈ ಭೇದ ತಿಳಿಯದವರು ಎರಡು ವಿಧವಾಗಿ ತಪ್ಪುತ್ತಾರೆ. ಕೆಲವರು ಮೊಬೈಲು ಬಂದಿತು, ಇನ್ನು ಕಾಯುವುದೇ ಇಲ್ಲವೆಂದು ನಂಬಿ ನಿರಾಶರಾಗುತ್ತಾರೆ. ಮತ್ತೆ ಕೆಲವರು ಇದೆಲ್ಲ ಬರಿಯ ಆಡಂಬರವೆಂದು ತಳ್ಳಿಹಾಕಿ, ಸಿಗಬಹುದಾದ ಪ್ರಯೋಜನವನ್ನೂ ಕಳೆದುಕೊಳ್ಳುತ್ತಾರೆ.

ನೇಕಾರರ ಮನೆಯಿಂದ ಬಂದ ಬಂಧುಗಳಿಗೆ ಇದು ಬೇಗ ಅರ್ಥವಾಗುತ್ತದೆ. ಕಂಡಿಕೆ ಸುತ್ತುವವರು ನಿಧಾನಿಸಿದರೆ ಮಗ್ಗ ಬರಿದೇ ನಿಲ್ಲುತ್ತದೆ. ಕಂಡಿಕೆ ಸುತ್ತಲು ಯಂತ್ರ ತಂದರೆ ಮಗ್ಗ ನಿಲ್ಲದೆ ನಡೆಯುತ್ತದೆ, ಬಟ್ಟೆ ಹೆಚ್ಚುತ್ತದೆ. ಆದರೆ ಮಗ್ಗಗಳು ಇದ್ದಷ್ಟೇ ಇದ್ದು ಕಂಡಿಕೆಯನ್ನು ಇನ್ನೂ ಇನ್ನೂ ಬೇಗ ಸುತ್ತಿದರೆ ಬಟ್ಟೆ ಹೆಚ್ಚುವುದಿಲ್ಲ. ಮಗ್ಗದ ಪಕ್ಕದಲ್ಲಿ ಕಂಡಿಕೆಯ ರಾಶಿ ಬೆಳೆಯುತ್ತದೆ.

2. ಒಂದು ಸಣ್ಣ ಲೆಕ್ಕ

ಇದನ್ನು ಅಂಕಿಗಳಲ್ಲಿ ನೋಡೋಣ. ಈ ಅಂಕಿಗಳು ಯಾವ ದವಾಖಾನೆಯವೂ ಅಲ್ಲ. ಲೆಕ್ಕ ಸುಲಭವಾಗಲೆಂದು ನಾವೇ ಹಿಡಿದವು.

ಬೆಳಿಗ್ಗೆ 8-30ಕ್ಕೆ 180 ಜನ ಬಂದು ನಿಂತಿದ್ದಾರೆ. ಹೆಸರು ಬರೆಯುವ ಕಿಟಕಿ ಒಂದು. ಒಬ್ಬರಿಗೆ 2 ನಿಮಿಷ. ಅಂದರೆ ತಾಸಿಗೆ 30 ಜನ. ವೈದ್ಯರು ಮೂವರು, 9ರಿಂದ 1 ಗಂಟೆಯವರೆಗೆ ಕೂರುತ್ತಾರೆ, ಒಬ್ಬ ರೋಗಿಗೆ 4 ನಿಮಿಷ. ಅಂದರೆ ಮೂವರೂ ಸೇರಿ ತಾಸಿಗೆ 45 ಜನರನ್ನು ನೋಡಬಲ್ಲರು; ನಾಲ್ಕು ತಾಸಿಗೆ 180. ವೈದ್ಯರ ಮಟ್ಟಿಗೆ ಲೆಕ್ಕ ಸರಿಯಾಗಿದೆ. ಆದರೆ ಕಿಟಕಿಯ ಮಟ್ಟಿಗೆ ಸರಿಯಿಲ್ಲ. 8-30ರಿಂದ 1ರವರೆಗೆ ನಾಲ್ಕೂವರೆ ತಾಸು. 30ರಂತೆ 135 ಜನರಿಗೆ ಮಾತ್ರ ಕೇಸ್ ಪೇಪರು ದೊರೆಯುತ್ತದೆ. ಒಳಗೆ ವೈದ್ಯರು ಮಧ್ಯೆ ಮಧ್ಯೆ ಬರಿದೇ ಕುಳಿತಿರುತ್ತಾರೆ. ಹೊರಗೆ 45 ಜನ ತೋರಿಸಿಕೊಳ್ಳದೆ ಮನೆಗೆ ಹೋಗುತ್ತಾರೆ. ನಮ್ಮ ಹಮಾಲ ಬಂಧುಗಳು ಮೊದಲನೆಯ ದಿನ ಹೀಗೆ ಮರಳಿದವರಲ್ಲಿ ಒಬ್ಬರು.

ಈಗ ಅವರಲ್ಲಿ ಅರ್ಧ ಜನ, ಅಂದರೆ 90 ಮಂದಿ, ಮೊಬೈಲಿನಿಂದ ಹೆಸರು ಬರೆಸಿದರೆನ್ನಿ. ಕಿಟಕಿಗೆ ಉಳಿದವರು 90. ಅವರದು ಮೂರು ತಾಸಿನಲ್ಲಿ, ಅಂದರೆ 11-30ಕ್ಕೆ ಮುಗಿಯುತ್ತದೆ. ವೈದ್ಯರು ಒಂದು ಗಳಿಗೆಯೂ ಬರಿದೇ ಕೂರುವುದಿಲ್ಲ. 180 ಜನರನ್ನೂ ನೋಡಿ 1ಕ್ಕೆ ಏಳುತ್ತಾರೆ. ಇಲ್ಲಿ ಒಂದು ಮಾತನ್ನು ಗಮನಿಸಿರಿ: ಮೊಬೈಲು ಉಪಯೋಗಿಸಿದವರಿಗೆ ಮಾತ್ರವಲ್ಲ, ಮೊಬೈಲಿಲ್ಲದೆ ಕಿಟಕಿಗೆ ನಿಂತ ಅಜ್ಜಿಗೂ ಲಾಭವಾಯಿತು. ಅವಳ ಮುಂದಿದ್ದ ಸಾಲು ಅರ್ಧವಾಯಿತಲ್ಲವೆ?

ಮೂರನೆಯ ಲೆಕ್ಕ. ಮಳೆಗಾಲ ಬಂತು, ಜ್ವರ ಹೆಚ್ಚಿತು. 180ರ ಬದಲು 240 ಜನ ಬಂದರು. ಹೆಸರು ಬರೆಸುವ ಕೆಲಸವನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮಾಡುವ ಯಂತ್ರ ತಂದಿಟ್ಟರೂ ವೈದ್ಯರು ನೋಡಬಲ್ಲವರು 180 ಜನರನ್ನೇ. 60 ಜನ ಉಳಿಯುತ್ತಾರೆ. ಇಲ್ಲಿ ಬೇಕಾದದ್ದು ಇನ್ನೊಬ್ಬ ವೈದ್ಯರೇ ಹೊರತು ಇನ್ನೊಂದು ಯಂತ್ರವಲ್ಲ. ಸಣ್ಣ ಜ್ವರ ನೆಗಡಿಯವರು ತಮ್ಮ ವಾರ್ಡಿನ ಆರೋಗ್ಯ ಕೇಂದ್ರದಲ್ಲಿಯೇ ತೋರಿಸಿಕೊಂಡರೂ ದೊಡ್ಡ ದವಾಖಾನೆಯ ಭಾರ ಅಷ್ಟು ಇಳಿಯುತ್ತದೆ.

3. ಪಂಡಿತರು ಕಂಡುಕೊಂಡದ್ದು

ಸಾಲಿನ ಲೆಕ್ಕ ಹೊಸದಲ್ಲ. ಡೆನ್ಮಾರ್ಕಿನ ಏರ್ಲಾಂಗ್ ಎಂಬ ಗಣಿತಜ್ಞ ಕೋಪನ್‌ಹೇಗನ್ ನಗರದ ಟೆಲಿಫೋನ್ ಕಂಪನಿಯ ಕರೆಗಳನ್ನು ಕುರಿತು 1909ರಲ್ಲಿ ಇಂತಹ ಲೆಕ್ಕವನ್ನು ಪ್ರಕಟಿಸಿದನು. ದವಾಖಾನೆಯ ವಿಷಯದಲ್ಲಿ ಇಂಗ್ಲೆಂಡಿನ ನಾರ್ಮನ್ ಬೇಲಿ ಎಂಬಾತ 1952ರಲ್ಲಿ ಹೊರರೋಗಿಗಳ ಸಾಲನ್ನು ಅಭ್ಯಾಸ ಮಾಡಿ ಬರೆದನು. ವೈದ್ಯರ ವೇಳೆ ಹಾಳಾಗಬಾರದೆಂದು ರೋಗಿಗಳನ್ನೆಲ್ಲ ಬೆಳಿಗ್ಗೆಯೇ ಕರೆಸಿ ಗುಂಪು ಕೂಡಿಸುವ ಪದ್ಧತಿಯಿಂದ ರೋಗಿಗಳ ವೇಳೆ ಮಿತಿಮೀರಿ ಹಾಳಾಗುತ್ತದೆಂದು ಅವನ ಲೆಕ್ಕ ತೋರಿಸಿತು. ಅವನು ಸೂಚಿಸಿದ ಕ್ರಮ ಬಹಳ ಸರಳ: ಆರಂಭಕ್ಕೆ ಇಬ್ಬರನ್ನು ಕರೆಯುವುದು, ಆಮೇಲೆ ಒಬ್ಬ ರೋಗಿಗೆ ಸರಾಸರಿ ಹಿಡಿಯುವಷ್ಟು ನಿಮಿಷಕ್ಕೊಮ್ಮೆ ಒಬ್ಬೊಬ್ಬರಂತೆ ಬರಹೇಳುವುದು. ವೈದ್ಯರೂ ಹೇಳಿದ ಹೊತ್ತಿಗೆ ಬಂದರೆ ಮಾತ್ರ ಇದು ನಡೆಯುತ್ತದೆಂಬುದು ಬೇರೆ ಮಾತು.

ಅಂದರೆ, ಮೊಬೈಲಿನಲ್ಲಿ ಬರಿಯ ನಂಬರು ಕೊಟ್ಟರೆ ಸಾಲದು. ಇಷ್ಟು ಗಂಟೆಗೆ ಬನ್ನಿರಿ ಎಂದು ಹೊತ್ತನ್ನೂ ಕೊಟ್ಟರೆ ಎರಡನೆಯ ಸಾಲೂ ಮೊಟಕಾಗುತ್ತದೆ. ನಂಬರು ಯಾರು ಮುಂದೆ ಯಾರು ಹಿಂದೆ ಎಂಬುದನ್ನು ಹೇಳುತ್ತದೆ. ಹೊತ್ತು ನಮ್ಮ ದಿನವನ್ನು ಉಳಿಸುತ್ತದೆ.

ಇನ್ನೊಂದು ಉಪಯುಕ್ತ ಸೂತ್ರವುಂಟು. ಅಮೆರಿಕದ ಜಾನ್ ಲಿಟ್ಲ್ 1961ರಲ್ಲಿ ಇದನ್ನು ಗಣಿತದಿಂದ ಸಾಧಿಸಿದನು. ಸಾಲಿನಲ್ಲಿರುವ ಜನರ ಸಂಖ್ಯೆಯನ್ನು ತಾಸಿಗೆ ಎಷ್ಟು ಜನ ಮುಂದೆ ಸಾಗುತ್ತಾರೆಂಬುದರಿಂದ ಭಾಗಿಸಿದರೆ ಸರಾಸರಿ ಕಾಯಬೇಕಾದ ಹೊತ್ತು ದೊರೆಯುತ್ತದೆ. ಇದನ್ನು ನಿಂತಲ್ಲಿಯೇ ಬಳಸಬಹುದು. ನಿಮ್ಮ ಮುಂದೆ 60 ಜನರಿದ್ದಾರೆನ್ನಿ. ಗಡಿಯಾರ ನೋಡಿ, 10 ನಿಮಿಷದಲ್ಲಿ ಎಷ್ಟು ಜನ ಒಳಗೆ ಹೋದರೆಂದು ಎಣಿಸಿರಿ. 5 ಜನರಾದರೆ ತಾಸಿಗೆ 30. ಆದುದರಿಂದ ನಿಮ್ಮ ಸರದಿ ಸುಮಾರು ಎರಡು ತಾಸಿಗೆ ಬರುತ್ತದೆ. ಮುಕಾದಮನಿಗೆ ಅರ್ಧ ದಿನದ ರಜೆ ಕೇಳಬೇಕೋ ಪೂರ್ತಿ ದಿನದ್ದೋ ಎಂಬುದನ್ನು ಹೀಗೆ ಮೊದಲೇ ನಿರ್ಣಯಿಸಬಹುದು. ಎರಡು ತಾಸು ನಿಂತ ಮೇಲೆ ಬೇಸತ್ತು ಏಳುವುದಕ್ಕಿಂತ ಮೊದಲ ಹತ್ತು ನಿಮಿಷದಲ್ಲಿ ಲೆಕ್ಕ ಹಾಕುವುದು ಲೇಸು.

4. ಮೊಬೈಲಿನ ಚೀಟಿ ಹೇಗೆ ದೊರೆಯುತ್ತದೆ

ನಮ್ಮ ದೇಶದಲ್ಲಿ ಮನೆಯಿಂದಲೇ ದೊಡ್ಡ ಸರಕಾರಿ ಆಸ್ಪತ್ರೆಗಳಲ್ಲಿ ದಿನ ಗೊತ್ತುಮಾಡಿಕೊಳ್ಳುವ ಆನ್‌ಲೈನ್ ನೋಂದಣಿ ವ್ಯವಸ್ಥೆ 2015ರಲ್ಲಿ ಆರಂಭವಾಯಿತು. ಬಳಿಕ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಯೋಜನೆಯನ್ನು 2020ರಲ್ಲಿ ಕೇಂದ್ರಾಡಳಿತ ಪ್ರದೇಶಗಳಲ್ಲಿ ಪರೀಕ್ಷಾರ್ಥವಾಗಿ ನಡೆಸಿ, 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ವಿಸ್ತರಿಸಿದರು. ಇದರಲ್ಲಿ ಪ್ರತಿಯೊಬ್ಬರಿಗೂ 14 ಅಂಕಿಗಳ ಒಂದು ಆರೋಗ್ಯ ಸಂಖ್ಯೆ. ಇದಕ್ಕೆ ಆಭಾ ಎಂದು ಹೆಸರು.

2022ರ ಅಕ್ಟೋಬರಿನಲ್ಲಿ ದೆಹಲಿಯ ಲೇಡಿ ಹಾರ್ಡಿಂಗ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ “ಸ್ಕ್ಯಾನ್ ಅಂಡ್ ಶೇರ್” ಎಂಬ ಸೌಕರ್ಯ ಮೊದಲಾಯಿತು. ಚಹದಂಗಡಿಯಲ್ಲಿ ಹಣ ಕೊಡಲು ಚೌಕಾಕಾರದ ಕ್ಯೂಆರ್ ಚಿತ್ರ ಅಂಟಿಸಿರುತ್ತಾರಲ್ಲವೆ? ಅಂತಹುದೇ ಒಂದು ಚಿತ್ರವನ್ನು ದವಾಖಾನೆಯ ಕಿಟಕಿಯ ಬಳಿ ಹಚ್ಚಿರುತ್ತಾರೆ. ಆಭಾ ಆಪ್ ಇರುವ ಮೊಬೈಲನ್ನು ಅದರ ಮುಂದೆ ಹಿಡಿದು ಒಪ್ಪಿಗೆಯೊತ್ತಿದರೆ ನಿಮ್ಮ ಹೆಸರು, ವಯಸ್ಸು, ವಿಳಾಸ ಇವೆಲ್ಲ ಗುಮಾಸ್ತರ ಗಣಕಯಂತ್ರಕ್ಕೆ ಹೋಗಿ, ನಿಮಗೊಂದು ಟೋಕನ್ ನಂಬರು ಬರುತ್ತದೆ. ಗುಮಾಸ್ತರು ಹೆಸರು ಕೇಳಿ ಬರೆಯುವ ಕೆಲಸ ತಪ್ಪುತ್ತದೆ. ಯಾವ ವಿಭಾಗವೆಂದು ಕೇಳಿ ಕೇಸ್ ಪೇಪರು ಕೊಡುವುದಷ್ಟೇ ಉಳಿಯುತ್ತದೆ.

ಈ ವಿಷಯದಲ್ಲಿ ನಮ್ಮ ಜನರಿಗೆ ಬರುವ ಸಂಶಯಗಳಿಗೆ ಉತ್ತರಗಳು:

ಆಭಾ ಕಾರ್ಡಿನಿಂದ ಹಣ ದೊರೆಯುವುದೆ? ಇಲ್ಲ. ಅದು ಗುರುತಿನ ನಂಬರು ಮಾತ್ರ. ವರುಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷ ರೂಪಾಯಿಯ ವರೆಗಿನ ಚಿಕಿತ್ಸೆಯ ಆಯುಷ್ಮಾನ್ ಕಾರ್ಡು ಬೇರೆ; ಅದು 2018ರಲ್ಲಿ ಆರಂಭವಾದ ಇನ್ನೊಂದು ಯೋಜನೆಯದು. ಎರಡರ ಹೆಸರೂ ಒಂದೇ ಬಗೆಯಾಗಿರುವುದರಿಂದ ಬಹಳ ಜನ ಮೋಸಹೋಗುತ್ತಾರೆ.

ಆಭಾ ಇಲ್ಲದಿದ್ದರೆ ಔಷಧಿ ಕೊಡುವುದಿಲ್ಲವೆ? ಆಭಾ ಮಾಡಿಸುವುದು ನಮ್ಮ ಇಚ್ಛೆಗೆ ಸೇರಿದ್ದು. ಅದಿಲ್ಲದವರೂ ಕಿಟಕಿಯಲ್ಲಿ ಎಂದಿನಂತೆ ಹೆಸರು ಬರೆಸಬಹುದು.

ಅದಕ್ಕೆ ಹಣ ಕೊಡಬೇಕೆ? ಬೇಡ. ಆಧಾರ್ ನಂಬರು ಮತ್ತು ಅದಕ್ಕೆ ಜೋಡಿಸಿದ ಮೊಬೈಲು ಇದ್ದರೆ ನಾವೇ ಮಾಡಿಕೊಳ್ಳಬಹುದು. ಮೊಬೈಲಿಗೆ ಬರುವ ಗುಪ್ತ ಅಂಕಿಗಳನ್ನು, ಅಂದರೆ ಓಟಿಪಿಯನ್ನು, ಫೋನಿನಲ್ಲಿ ಕೇಳುವ ಅಪರಿಚಿತರಿಗೆ ಎಂದೂ ಹೇಳತಕ್ಕದ್ದಲ್ಲ.

ನಮ್ಮ ರೋಗದ ಸಂಗತಿ ಎಲ್ಲರಿಗೂ ತಿಳಿದುಹೋಗುವುದೆ? ಯೋಜನೆಯ ನಿಯಮದಂತೆ ಒಂದು ಆಸ್ಪತ್ರೆಯ ದಾಖಲೆಯನ್ನು ಇನ್ನೊಂದು ಆಸ್ಪತ್ರೆ ನೋಡಬೇಕಾದರೆ ರೋಗಿಯ ಒಪ್ಪಿಗೆ ಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲೂಬಹುದು. ಆದುದರಿಂದ ಪರದೆಯ ಮೇಲೆ ಏನು ಬರೆದಿದೆಯೆಂದು ಓದದೆ ಒಪ್ಪಿಗೆಯೊತ್ತಬೇಡಿರಿ. ಓದಲು ಬಾರದಿದ್ದರೆ ವಿಶ್ವಾಸದವರಿಂದ ಓದಿಸಿರಿ.

5. ಹೆಸರಿನ ತೊಡಕು, ನಮ್ಮ ತಪ್ಪು

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಮೂರನೆಯ ಸಲ ಆ ಹಮಾಲ ಬಂಧುಗಳೊಡನೆ ನಾವೂ ಹೋದೆವು. ಬರೆಯಬಲ್ಲವರೆಂಬ ಹೆಮ್ಮೆಯಿಂದ ಅವರ ಫಾರಮನ್ನು ನಾವೇ ತುಂಬಿದೆವು. ಗೋದಾಮಿನ ಪಾಸಿನಲ್ಲಿ “ಮೇಶ” ಎಂದು ಮುಗಿಯುವ ಹೆಸರಿತ್ತು, ಅದನ್ನೇ ಬರೆದೆವು. ಆಧಾರ್‌ನಲ್ಲಿ ಅವರ ಹೆಸರು “ಪ್ಪ” ಎಂದು ಮುಗಿಯುತ್ತಿತ್ತು. ಎರಡನೆಯ ಸಲ ಹೋದಾಗ ಅವರು ಆಧಾರ್ ತೋರಿಸಿ ಹೆಸರು ಬರೆಸಿದ್ದರು. ಹೀಗಾಗಿ ಗಣಕಯಂತ್ರದ ಕಣ್ಣಿಗೆ ಅವರು ಇಬ್ಬರಾದರು. ಆ ದಿನ ವೈದ್ಯರು ನೋಡಿ ಎಕ್ಸ್‌ರೇಗೆ ಬರೆದರು. ಎಕ್ಸ್‌ರೇ ವಿಭಾಗದಲ್ಲಿ ಆಧಾರ್ ಕೇಳಿದರು. ಚಿತ್ರ ಒಂದು ಹೆಸರಿನಲ್ಲಿ, ಕೇಸ್ ಪೇಪರು ಇನ್ನೊಂದರಲ್ಲಿ. ಅದನ್ನು ಸರಿಪಡಿಸುವುದರಲ್ಲಿ ಹೊತ್ತು ಮೀರಿ ಇನ್ನೊಂದು ದಿನದ ಕೂಲಿ ಹೋಯಿತು. ಅವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ನಾವೇ ತಲೆ ತಗ್ಗಿಸಿಕೊಂಡು ಬಂದೆವು. ದಿನವೂ ಹಾಜರಿ ಪುಸ್ತಕ ಬರೆಯುವ ಕೈಯಿಂದ ಆದ ತಪ್ಪು ಇದು.

ಈ ತೊಡಕು ಕನ್ನಡಿಗರಿಗೆ ವಿಶೇಷವಾಗಿ ಉಂಟು. ಮಹಾರಾಷ್ಟ್ರದ ಫಾರಮುಗಳಲ್ಲಿ ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು ಎಂದು ಮೂರು ಕೋಣೆಗಳಿರುತ್ತವೆ. ನಮ್ಮಲ್ಲಿ ಕೆಲವರಿಗೆ ಅಡ್ಡಹೆಸರೇ ಇಲ್ಲ. ಕೆಲವರಿಗೆ ಊರ ಹೆಸರೇ ಅಡ್ಡಹೆಸರು. ಕರಾವಳಿಯವರಿಗೂ ಮೈಸೂರು ಕಡೆಯವರಿಗೂ ಹೆಸರಿನ ಮುಂದೆ ಬರಿಯ ಅಕ್ಷರಗಳು. ಒಂದು ಸಲ ಒಂದು ರೀತಿ, ಇನ್ನೊಂದು ಸಲ ಮತ್ತೊಂದು ರೀತಿ ಬರೆಸಿದರೆ ಹಳೆಯ ದಾಖಲೆ ಸಿಗುವುದಿಲ್ಲ. ಮತ್ತೆ ಮೊದಲಿನಿಂದ ಪರೀಕ್ಷೆ, ಮತ್ತೆ ಪಾಳಿ. ಕಾಗದದ ಕಾಲದಲ್ಲಿ ಗುಮಾಸ್ತರು ಮುಖ ನೋಡಿ ಗುರುತು ಹಿಡಿಯುತ್ತಿದ್ದರು. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ.

ಎರಡನೆಯ ತೊಡಕು ಮೊಬೈಲ್ ನಂಬರು. ಊರು ಬಿಟ್ಟು ಬಂದವರು ಸಿಮ್ ಬದಲಾಯಿಸುತ್ತಿರುತ್ತಾರೆ. ಆಧಾರ್‌ಗೆ ಜೋಡಿಸಿದ ನಂಬರು ಹಳೆಯದು. ಗುಪ್ತ ಅಂಕಿ ಅದಕ್ಕೇ ಹೋಗುತ್ತದೆ. ನಮ್ಮ ಬಂಧುಗಳಿಗೂ ಹಾಗೆಯೇ ಆಯಿತು. ಆಧಾರ್ ಕೇಂದ್ರಕ್ಕೆ ಹೋಗಿ ಹೊಸ ನಂಬರು ಜೋಡಿಸಿದ ಮೇಲೆಯೇ ಆಭಾ ಆದದ್ದು. ಆರೋಗ್ಯವಾಗಿದ್ದಾಗಲೇ ಈ ಕೆಲಸ ಮಾಡಿಟ್ಟುಕೊಳ್ಳಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ.

ನಾಲ್ಕನೆಯ ಸಲ ಕ್ಯೂಆರ್ ಚಿತ್ರದಿಂದ ಟೋಕನ್ ಪಡೆದೆವು. ಕೇಸ್ ಪೇಪರು ಹತ್ತು ನಿಮಿಷದಲ್ಲಿ ದೊರೆಯಿತು. ವೈದ್ಯರ ಕೋಣೆಯ ಮುಂದೆ ಎರಡು ತಾಸು ಕಾದೆವು. ಮೊದಲನೆಯ ಸಾಲು ಹೋಯಿತು, ಎರಡನೆಯದು ಉಳಿಯಿತು. ನಮ್ಮ ಪಾಠದ ಮಾತು ಅಲ್ಲಿಯೇ ಕಣ್ಣಿಗೆ ಕಂಡಿತು. ಎಕ್ಸ್‌ರೇ, ಕಫ ಪರೀಕ್ಷೆ ಆಗಿ ಕ್ಷಯವೆಂದು ತಿಳಿಯಿತು. ಅಷ್ಟರಲ್ಲಿ ಕೆಮ್ಮು ಶುರುವಾಗಿ ಎರಡು ತಿಂಗಳಾಗಿತ್ತು. ಮನೆಯವರನ್ನೂ ಆ ಮಗುವನ್ನೂ ಕರೆಸಿ ಪರೀಕ್ಷಿಸಿದರು. ಮಗುವಿಗೆ ರೋಗ ತಗಲಿರಲಿಲ್ಲ. ತಗಲದಂತೆ ಔಷಧಿ ಕೊಟ್ಟರು. ಪಾಳಿ ಹಚ್ಚಲಾಗದೆ ಇನ್ನೆರಡು ತಿಂಗಳು ಕಳೆದಿದ್ದರೆ ಏನಾಗುತ್ತಿತ್ತೋ ಹೇಳಲಾರೆವು.

6. ಊರು ಬದಲಾದರೂ ಹಿಂದೆ ಬರುವ ದಾಖಲೆ

ಗಣಕಯಂತ್ರದ ನೋಂದಣಿಯಿಂದ ವಲಸೆ ಬಂದವರಿಗೆ ಆಗುವ ದೊಡ್ಡ ಉಪಕಾರ ಸಾಲು ಉಳಿಯುವುದಲ್ಲ, ದಾಖಲೆ ಉಳಿಯುವುದು. ಕ್ಷಯರೋಗಿಗಳಿಗಾಗಿ “ನಿಕ್ಷಯ್” ಎಂಬ ರಾಷ್ಟ್ರೀಯ ನೋಂದಣಿ 2012ರಿಂದ ನಡೆದಿದೆ. ಠಾಣೆಯಲ್ಲಿ ಔಷಧಿ ಆರಂಭಿಸಿದವರು ಊರಿಗೆ ಹೋಗಬೇಕಾದರೆ ಇಲ್ಲಿಯ ಕೇಂದ್ರದವರು ಅವರ ಹೆಸರನ್ನು ಆ ಜಿಲ್ಲೆಗೆ ವರ್ಗಾಯಿಸುತ್ತಾರೆ. ಅಲ್ಲಿ ಔಷಧಿ ಮುಂದುವರಿಯುತ್ತದೆ. ಇದರಲ್ಲಿ ಹೆಸರಿದ್ದವರಿಗೆ ಪೌಷ್ಟಿಕ ಆಹಾರಕ್ಕೆಂದು 2018ರ ಏಪ್ರಿಲಿನಿಂದ ತಿಂಗಳಿಗೆ 500 ರೂಪಾಯಿ ಬ್ಯಾಂಕಿನ ಖಾತೆಗೆ ಕೊಡಲಾರಂಭಿಸಿದರು. 2024ರ ನವೆಂಬರಿನಿಂದ ಅದನ್ನು 1,000 ರೂಪಾಯಿಗೆ ಏರಿಸಿದರು.

ನಮ್ಮ ಬಂಧುಗಳು ನಡುವೆ ಬಿತ್ತನೆಗೆ ಊರಿಗೆ ಹೋದರು. ಹೋಗುವ ಮುನ್ನ ಕೇಂದ್ರದಲ್ಲಿ ಹೇಳಿ ವರ್ಗ ಮಾಡಿಸಿಕೊಂಡರು. ತಾಲೂಕಿನ ಆಸ್ಪತ್ರೆಯಲ್ಲಿ ನಂಬರು ಹೇಳಿದ ಕೂಡಲೇ ಔಷಧಿ ಕೊಟ್ಟರಂತೆ. ಆರು ತಿಂಗಳ ಔಷಧಿ ಒಂದು ದಿನವೂ ತಪ್ಪಲಿಲ್ಲ. ಈಗ ಮತ್ತೆ ಗೋದಾಮಿಗೆ ಹೋಗುತ್ತಿದ್ದಾರೆ. ಸಂಜೆ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ಓದುತ್ತಾರೆ.

7. ಯಂತ್ರದ ಹೆಸರಿನಲ್ಲಿ ಬಾಗಿಲು ಮುಚ್ಚಬಾರದು

ಮೊಬೈಲಿಲ್ಲದವರ ಗತಿಯೇನು ಎಂಬ ಪ್ರಶ್ನೆ ಉಳಿಯಿತು. ಕೊರೋನಾ ಕಾಲದ ಅನುಭವ ನಮಗೆಲ್ಲ ಇದೆ. 2021ರ ಮೇ 1ರಿಂದ 18ರಿಂದ 44 ವರುಷದವರಿಗೆ ಲಸಿಕೆ ಆರಂಭವಾದಾಗ ಕೋವಿನ್ ಎಂಬ ಜಾಲದಲ್ಲಿ ಮೊದಲೇ ಹೆಸರು ಬರೆಸುವುದು ಕಡ್ಡಾಯವಾಗಿತ್ತು. ಒಳ್ಳೆಯ ಮೊಬೈಲು ಉಳ್ಳವರು ಗಳಿಗೆಯಲ್ಲಿ ಜಾಗ ಹಿಡಿದರು, ಬಿಡಾರಗಳಲ್ಲಿದ್ದವರು ಹಿಂದುಳಿದರು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಈ ಅಸಮಾನತೆಯ ವಿಷಯವಾಗಿ ಸರಕಾರವನ್ನು ಪ್ರಶ್ನಿಸಿತು. ಸರಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲಿಯೇ ಹೆಸರು ಬರೆಸಲು ಅವಕಾಶವಾಯಿತು. ಜೂನಿನಲ್ಲಿ ಆ ಜಾಲ ಕನ್ನಡವೇ ಮೊದಲಾದ ಭಾಷೆಗಳಲ್ಲಿಯೂ ಬಂದಿತು. ಯಂತ್ರದ ಕಿಟಕಿ ತೆರೆದಾಗ ಮನುಷ್ಯರ ಕಿಟಕಿಯನ್ನು ಮುಚ್ಚಬಾರದೆಂಬುದೇ ಇದರ ಪಾಠ.

ತುರ್ತು ಸಂದರ್ಭಕ್ಕಂತೂ ಯಾವ ಪಾಳಿಯೂ ಇಲ್ಲ. ಲೋಕಲ್ ಗಾಡಿಯಲ್ಲಿ ಓಡಾಡುವ ನಾವೆಲ್ಲರೂ ತಿಳಿದಿರಬೇಕಾದ ಒಂದು ಮೊಕದ್ದಮೆಯುಂಟು. 1992ರ ಜುಲೈಯಲ್ಲಿ ಪಶ್ಚಿಮ ಬಂಗಾಳದ ಒಬ್ಬ ಕೃಷಿ ಕೂಲಿಕಾರರು ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಹಾಸಿಗೆಯಿಲ್ಲ, ಸಲಕರಣೆಯಿಲ್ಲವೆಂದು ಒಂದರ ಮೇಲೊಂದು ಸರಕಾರಿ ಆಸ್ಪತ್ರೆಗಳು ಅವರನ್ನು ತಿರುಗಿ ಕಳಿಸಿದವು. ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಎಂಬ ಕೂಲಿಕಾರರ ಸಂಘವು ಕೋರ್ಟಿಗೆ ಹೋಯಿತು. ಸಕಾಲಕ್ಕೆ ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೆಯ ಪರಿಚ್ಛೇದದ ಜೀವಿಸುವ ಹಕ್ಕಿಗೆ ಭಂಗವೆಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪಿತ್ತು 25,000 ರೂಪಾಯಿ ಪರಿಹಾರ ಕೊಡಿಸಿತು. ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇದೆಯೆಂದು ತಿಳಿದು ರೋಗಿಯನ್ನು ಕೂಡಲೇ ಅಲ್ಲಿಗೆ ಕಳಿಸಲು ಒಂದು ಕೇಂದ್ರೀಯ ಸಂಪರ್ಕ ವ್ಯವಸ್ಥೆ ಇರಬೇಕೆಂದೂ ಹೇಳಿತು. ನೋಡಿರಿ, ಗಣಕಯಂತ್ರ ನಿಜವಾಗಿ ಮಾಡಬೇಕಾದ ಕೆಲಸವನ್ನು ಅಂದೇ ಗುರುತಿಸಿದ್ದರು. ಪೆಟ್ಟು, ಎದೆನೋವು, ಹೆರಿಗೆನೋವು, ಹಾವು ಕಚ್ಚಿದ್ದು, ಇಂತಹವುಗಳಲ್ಲಿ ಕೇಸ್ ಪೇಪರಿನ ಸಾಲಿಗೆ ಹೋಗದೆ ನೇರವಾಗಿ ಅಪಘಾತ ವಿಭಾಗಕ್ಕೆ ಹೋಗತಕ್ಕದ್ದು. 108ಕ್ಕೆ ಫೋನು ಮಾಡತಕ್ಕದ್ದು.

8. ನಮ್ಮ ಸುತ್ತಿನ ದವಾಖಾನೆಗಳು

ಯಾವ ದವಾಖಾನೆ ಯಾರಿಗೆ ಸೇರಿದ್ದೆಂಬುದನ್ನು ತಿಳಿದಿರುವುದು ಒಳ್ಳೆಯದು. ಠಾಣೆಯ ವಿಠ್ಠಲ ಸಾಯನ್ನಾ ಸಿವಿಲ್ ಆಸ್ಪತ್ರೆ ರಾಜ್ಯ ಸರಕಾರದ ಆರೋಗ್ಯ ಇಲಾಖೆಯದು. ಅದರ ಹಳೆಯ ಕಟ್ಟಡದ ಜಾಗದಲ್ಲಿ ಹೊಸ ಕಟ್ಟಡದ ಕೆಲಸ ಕೈಗೊಂಡಾಗ ವಿಭಾಗಗಳನ್ನು ಮನೋರುಗ್ಣಾಲಯದ ಆವರಣಕ್ಕೆ ಸಾಗಿಸಿದರು. ಹೊರಡುವ ಮುನ್ನ ಬೇಕಾದ ವಿಭಾಗ ಎಲ್ಲಿದೆಯೆಂದು ವಿಚಾರಿಸಿಕೊಳ್ಳಿರಿ. ಕಳವೆಯ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ ಠಾಣೆ ಮಹಾನಗರಪಾಲಿಕೆಯದು. ಕಲ್ಯಾಣದ ರುಕ್ಮಿಣೀಬಾಯಿ ಮತ್ತು ಡೊಂಬಿವಲಿಯ ಶಾಸ್ತ್ರೀನಗರ ಆಸ್ಪತ್ರೆಗಳು ಕಲ್ಯಾಣ-ಡೊಂಬಿವಲಿ ಪಾಲಿಕೆಯವು. ವಾಶಿಯ ಸಾರ್ವಜನಿಕ ಆಸ್ಪತ್ರೆ ನವಿ ಮುಂಬಯಿ ಪಾಲಿಕೆಯದು. 2023ರ ಆಗಸ್ಟ್ 15ರಿಂದ ರಾಜ್ಯದ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ ಕೇಸ್ ಪೇಪರೂ ಚಿಕಿತ್ಸೆಯೂ ಉಚಿತವಾದವು. ಪಾಲಿಕೆಯ ಆಸ್ಪತ್ರೆಗಳ ನಿಯಮ ಬೇರೆ. ಕ್ಯೂಆರ್ ಚಿತ್ರ ಇದೆಯೋ ಇಲ್ಲವೋ ಎಂಬುದನ್ನು ಆಯಾ ಕಿಟಕಿಯ ಬಳಿ ನೋಡಿ ತಿಳಿಯತಕ್ಕದ್ದು.

9. ಮನೆಯಲ್ಲಿ ಮಾಡಿಟ್ಟುಕೊಳ್ಳತಕ್ಕ ಕೆಲಸಗಳು

ಒಂದು: ಆಧಾರ್‌ಗೆ ಜೋಡಿಸಿದ ಮೊಬೈಲು ಈಗ ಕೈಯಲ್ಲಿರುವುದೇ ಹೌದೋ ಎಂದು ನೋಡಿರಿ.
ಎರಡು: ಆಧಾರ್‌ನಲ್ಲಿರುವ ಹೆಸರನ್ನು ಅಕ್ಷರಶಃ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿರಿ, ಎಲ್ಲಿ ಹೋದರೂ ಅದನ್ನೇ ಬರೆಸಿರಿ.
ಮೂರು: ಆಭಾ ನಂಬರನ್ನೂ ದವಾಖಾನೆಯ ನೋಂದಣಿ ನಂಬರನ್ನೂ ಅದೇ ಚೀಟಿಯ ಹಿಂಬದಿಯಲ್ಲಿ ಬರೆಯಿರಿ. ಮೊಬೈಲಿನ ಬ್ಯಾಟರಿ ಮುಗಿದೀತು, ಕಾಗದ ಮುಗಿಯದು.
ನಾಲ್ಕು: ಹಳೆಯ ಕೇಸ್ ಪೇಪರನ್ನು ಎಸೆಯಬೇಡಿರಿ.
ಐದು: ಸಾಲಿನಲ್ಲಿ ಪಕ್ಕದವರಿಗೆ ಕ್ಯೂಆರ್ ತಿಳಿಯದಿದ್ದರೆ ತೋರಿಸಿಕೊಡಿರಿ. ಅವರು ಕಿಟಕಿ ಬಿಟ್ಟು ಸರಿದರೆ ಹಿಂದಿನ ಅಜ್ಜಿಗೆ ಎರಡು ನಿಮಿಷ ಉಳಿಯುತ್ತದೆ.

ಅಭ್ಯಾಸಕ್ಕೆ

(ಅ) ಕಿಟಕಿ ಎರಡು, ಒಬ್ಬರಿಗೆ 3 ನಿಮಿಷ, ಬಂದವರು 120 ಜನ. ಎಲ್ಲರ ಹೆಸರು ಬರೆಯಲು ಎಷ್ಟು ಹೊತ್ತು ಬೇಕು?
(ಆ) ಅವರಲ್ಲಿ 40 ಜನ ಮೊಬೈಲಿನಿಂದ ಬರೆಸಿದರೆ ಎಷ್ಟು ಹೊತ್ತು ಉಳಿಯುತ್ತದೆ?
(ಇ) ನಿಮ್ಮ ಮುಂದೆ 36 ಜನ. 10 ನಿಮಿಷದಲ್ಲಿ 4 ಜನ ಒಳಗೆ ಹೋದರು. ನಿಮ್ಮ ಸರದಿ ಎಷ್ಟು ಹೊತ್ತಿಗೆ ಬಂದೀತು?

(ಉತ್ತರ: ಅ. 3 ತಾಸು. ಆ. 1 ತಾಸು. ಇ. ಒಂದೂವರೆ ತಾಸಿಗೆ.)

ಆಭಾ ಮಾಡಿಸಬೇಕಾದವರು ಆಧಾರ್ ಮತ್ತು ಮೊಬೈಲಿನೊಂದಿಗೆ ರವಿವಾರ ಬೆಳಿಗ್ಗೆ ವಾಚನಾಲಯಕ್ಕೆ ಬಂದರೆ ಜೊತೆಗೆ ಕುಳಿತು ಮಾಡೋಣ. ಹೆಸರನ್ನು ಈ ಸಲ ನಾವು ಬರೆಯುವುದಿಲ್ಲ. ಆಧಾರ್ ಎದುರಿಗಿಟ್ಟುಕೊಂಡು ನೀವು ಒಂದೊಂದೇ ಅಕ್ಷರ ಹೇಳಿರಿ, ನಾವು ಒತ್ತುತ್ತೇವೆ.